ಜೆನೆಟ್ ರ‍್ಯಾಂಕಿನ್ ಎಂದರೆ ಯುದ್ಧ ಬೇಡ ಎಂದ ಎರಡು ಮತಗಳು ಮಾತ್ರವೇ?

ಧಾರವಾಡದ ಓದುಗಿ
ನಮ್ಮ ಓದುಗಿಯರ ಬಳಗದಲ್ಲಿ ಮುಂದಿನ ತಿಂಗಳು ನಾನು ಜೆನೆಟ್ ರ‍್ಯಾಂಕಿನ್ ಕುರಿತು ಮಾತನಾಡಬೇಕಿದೆ. ಅಮೆರಿಕದ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಆಯ್ಕೆಯಾದ ಮೊದಲ ಮಹಿಳೆ. 1880ರಲ್ಲಿ ಮೊಂಟಾನಾದ ಮಿಸೌಲಾ ಬಳಿ ಹುಟ್ಟಿದವರು, 1916ರ ನವೆಂಬರಿನಲ್ಲಿ ರಿಪಬ್ಲಿಕನ್ ಪಕ್ಷದಿಂದ ಗೆದ್ದವರು. ಆಗ ಆ ದೇಶದ ಬಹುಪಾಲು ರಾಜ್ಯಗಳಲ್ಲಿ ಹೆಂಗಸರಿಗೆ ಪೂರ್ಣ ಮತಾಧಿಕಾರವೇ ಇರಲಿಲ್ಲ.

ಆದರೆ ಯಾವ ಲೇಖನ ತೆರೆದರೂ ಎರಡೇ ದಿನಗಳ ಕಥೆ. 1917ರ ಏಪ್ರಿಲ್ 6ರಂದು ಮೊದಲ ಮಹಾಯುದ್ಧಕ್ಕೆ ಇಳಿಯುವುದನ್ನು ವಿರೋಧಿಸಿ ಮತ ಹಾಕಿದರು. 1941ರ ಡಿಸೆಂಬರ್ 8ರಂದು, ಪರ್ಲ್ ಹಾರ್ಬರ್ ದಾಳಿಯ ಮರುದಿನ, ಮತ್ತೆ ವಿರೋಧಿಸಿದರು. ಎರಡನೆಯ ಸಲ 388 ಮಂದಿ ಒಂದು ಕಡೆ, ಇವರೊಬ್ಬರೇ ಇನ್ನೊಂದು ಕಡೆ. ಅಲ್ಲಿಗೆ ಲೇಖನ ಮುಗಿಯುತ್ತದೆ. 92 ವರ್ಷ ಬದುಕಿದ ಹೆಂಗಸು ಉಳಿದ ದಿನಗಳಲ್ಲಿ ಏನು ಮಾಡುತ್ತಿದ್ದರು? ಇವರ ಬದುಕನ್ನು ಈ ಎರಡು ಮತಗಳಿಂದಲೇ ಅಳೆಯುವುದು ನ್ಯಾಯವೇ? ಎರಡನೆಯ ಮತವನ್ನು ನೀವು ಒಪ್ಪುತ್ತೀರಾ? ಬಲ್ಲವರು ದಯವಿಟ್ಟು ಬರೆಯಿರಿ.

ತುಂಗಾತೀರ
ಒಪ್ಪುತ್ತೇನೆ. ಇಡೀ ಸಭೆ ಒಂದೇ ದಿಕ್ಕಿಗೆ ನುಗ್ಗುವಾಗ ಒಬ್ಬರಾದರೂ ನಿಲ್ಲಬೇಕು. ಜಗತ್ತಿನ ಮೊದಲ ಸಂಸದೆ ಅಂತಹ ಧೈರ್ಯ ತೋರಿಸಿದ್ದು ಹೆಮ್ಮೆಯ ವಿಷಯ.

ನಿವೃತ್ತ ಮೇಷ್ಟ್ರು
ಜಗತ್ತಿನ ಮೊದಲ ಸಂಸದೆ ಅಲ್ಲ. ಫಿನ್ಲೆಂಡಿನಲ್ಲಿ 1907ರಲ್ಲಿಯೇ 19 ಮಹಿಳೆಯರು ಸಂಸತ್ತಿಗೆ ಆಯ್ಕೆಯಾಗಿದ್ದರು. ರ‍್ಯಾಂಕಿನ್ ಅಮೆರಿಕದ ಮಟ್ಟಿಗೆ ಮೊದಲಿಗರು. ಅದೇ ಸಾಕಷ್ಟು ದೊಡ್ಡದು, ಹಿಗ್ಗಿಸಿ ಹೇಳಬೇಕಾಗಿಲ್ಲ.

ಕೊಡಗಿನ ಮಗಳು
ನಾನು ಒಪ್ಪುವುದಿಲ್ಲ, ನೇರವಾಗಿಯೇ ಹೇಳುತ್ತೇನೆ. 1917ರ ಮತ ಬೇರೆ. ಆ ಯುದ್ಧಕ್ಕೆ ಅಮೆರಿಕ ಹೋಗಬೇಕೇ ಬೇಡವೇ ಎಂದು ನಿಜವಾಗಿಯೂ ಚರ್ಚಿಸಬಹುದಿತ್ತು. 1941ರಲ್ಲಿ ಚರ್ಚೆ ಎಲ್ಲಿತ್ತು? ಹಿಂದಿನ ದಿನವಷ್ಟೇ 2,400ಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು. ಶತ್ರು ಮನೆಗೆ ಬೆಂಕಿ ಇಟ್ಟು ಹೋದ ಮೇಲೆ ‘ಬೇಡ’ ಎಂದರೆ ಅದರ ಅರ್ಥವೇನು? ಆ ಮತದಿಂದ ಒಬ್ಬ ಸೈನಿಕನ ಪ್ರಾಣವೂ ಉಳಿಯಲಿಲ್ಲ.

ನನ್ನ ತಂದೆ ಸೈನ್ಯದಲ್ಲಿದ್ದವರು. 1971ರಲ್ಲಿ ಅವರು ಗಡಿಯಲ್ಲಿದ್ದಾಗ ನಾನು ಹುಟ್ಟಿರಲಿಲ್ಲ. ಅಮ್ಮ ರಾತ್ರಿಯೆಲ್ಲ ರೇಡಿಯೊ ಮುಂದೆ ಕೂರುತ್ತಿದ್ದಳಂತೆ. ಯುದ್ಧ ಎಂದರೆ ಏನೆಂದು ನಮ್ಮಂತಹ ಮನೆಗಳಿಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಹೇಳುತ್ತಿದ್ದೇನೆ, ದೇಶದ ಮೇಲೆ ದಾಳಿಯಾದಾಗ ಪ್ರತಿನಿಧಿಗೆ ಕೈ ತೊಳೆದುಕೊಳ್ಳುವ ಹಕ್ಕು ಇಲ್ಲ.

ಸಿಯಾಟಲ್ ಕನ್ನಡತಿ
ಧಾರವಾಡದ ಮೇಡಂ ಕೇಳಿದ ಮೊದಲ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ನಾನು ಶುರು ಮಾಡುತ್ತೇನೆ. ಜೆನೆಟ್ ಅವರ ತಂದೆ ಜಾನುವಾರು, ಮರದ ವ್ಯವಹಾರ ಮಾಡುತ್ತಿದ್ದವರು. ತಾಯಿ ಮದುವೆಗೆ ಮುಂಚೆ ಶಾಲೆಯಲ್ಲಿ ಕಲಿಸುತ್ತಿದ್ದವರು. ಜೆನೆಟ್ ಹಿರಿಯ ಮಗಳು. 1902ರಲ್ಲಿ ಮೊಂಟಾನಾ ವಿಶ್ವವಿದ್ಯಾಲಯದಿಂದ ಜೀವಶಾಸ್ತ್ರದಲ್ಲಿ ಪದವಿ ಪಡೆದರು. ಕೆಲಕಾಲ ಶಾಲೆಯಲ್ಲಿ ಕಲಿಸಿದರು, ಬಟ್ಟೆ ಹೊಲಿದರು. ನಂತರ ನ್ಯೂಯಾರ್ಕಿಗೆ ಹೋಗಿ ಸಮಾಜ ಸೇವೆಯ ಶಿಕ್ಷಣ ಪಡೆದು, ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ಅನಾಥ ಮಕ್ಕಳ ನಡುವೆ ಕೆಲಸ ಮಾಡಿದರು. ಒಂದೊಂದೇ ಮಗುವಿಗೆ ಮನೆ ಹುಡುಕುತ್ತ ಕುಳಿತರೆ ಆಗುವುದಿಲ್ಲ, ಕಾನೂನೇ ಬದಲಾಗಬೇಕು ಎಂಬ ಹಾದಿಗೆ ಅವರು ಬಂದದ್ದು ಇದಾದ ಮೇಲೆ.

ಆ ಹೊತ್ತಿಗೆ ಇಲ್ಲಿ ಹೆಂಗಸರ ಮತಾಧಿಕಾರದ ಹೋರಾಟ ನಡೆದಿತ್ತು. ಅದರಲ್ಲಿ ಸ್ವಯಂಸೇವಕಿಯಾಗಿ ಸೇರಿದರು. 1910ರಲ್ಲಿ ಇಲ್ಲಿ ಗೆಲುವು ಸಿಕ್ಕಿತು. 1911ರ ಫೆಬ್ರುವರಿಯಲ್ಲಿ ತಮ್ಮ ರಾಜ್ಯದ ಶಾಸನಸಭೆಯ ಮುಂದೆ ನಿಂತು ಮತಾಧಿಕಾರಕ್ಕಾಗಿ ಭಾಷಣ ಮಾಡಿದರು. 1914ರಲ್ಲಿ ಮೊಂಟಾನಾದಲ್ಲಿಯೂ ಗೆದ್ದರು. ಕಾಂಗ್ರೆಸ್ ಚುನಾವಣೆಗೆ ನಿಂತಾಗ ಅವರ ಬೆನ್ನಿಗೆ ಈ ಹೋರಾಟ ಕಟ್ಟಿದ ಹೆಂಗಸರ ಜಾಲವಿತ್ತು. ಊರೂರು ಸುತ್ತಿದ ಅನುಭವ ಇತ್ತು. ಆಕಾಶದಿಂದ ಬಿದ್ದವರಲ್ಲ.

ಹಳೆಯ ಪತ್ರಕರ್ತ
ಇದಕ್ಕೆ ಇನ್ನೊಂದು ಸಂಗತಿ ಸೇರಿಸುತ್ತೇನೆ. ತಮ್ಮ ವೆಲಿಂಗ್ಟನ್ ರ‍್ಯಾಂಕಿನ್ ವಕೀಲ, ಹಣವಂತ. ಅಕ್ಕನ ಚುನಾವಣೆಗೆ ದುಡ್ಡು ಹಾಕಿ, ಪ್ರಚಾರವನ್ನೂ ನಡೆಸಿದವನು ಅವನೇ. ಮೇಲಾಗಿ ಆಗ ಮೊಂಟಾನಾದ ಎರಡು ಸ್ಥಾನಗಳಿಗೆ ಕ್ಷೇತ್ರ ವಿಂಗಡಣೆ ಇರಲಿಲ್ಲ, ಇಡೀ ರಾಜ್ಯದ ಮತದಾರರು ಇಬ್ಬರನ್ನು ಆರಿಸಬೇಕಿತ್ತು. ಮೊದಲ ಸ್ಥಾನ ಡೆಮಾಕ್ರಟಿಕ್ ಪಕ್ಷದ ಜಾನ್ ಎವಾನ್ಸ್ ಅವರದು, ಎರಡನೆಯದು ಇವರದು. ಎದುರು ಪಕ್ಷದ ಮತದಾರನೂ ತನ್ನ ಒಂದು ಮತವನ್ನು ತನ್ನವನಿಗೆ ಕೊಟ್ಟು, ಇನ್ನೊಂದನ್ನು ಈಕೆಗೆ ಕೊಡಬಹುದಿತ್ತು.

ಮುಂದೆ ಏನಾಯಿತು ಗೊತ್ತೇ? ರಾಜ್ಯವನ್ನು ಎರಡು ಕ್ಷೇತ್ರಗಳಾಗಿ ಸೀಳಿದರು. ಇವರ ಮನೆಯಿದ್ದ ಪಶ್ಚಿಮ ಭಾಗ ಡೆಮಾಕ್ರಟರ ಕೋಟೆ. ಅಲ್ಲಿ ಗೆಲ್ಲಲಾಗದೆಂದು 1918ರಲ್ಲಿ ಮೇಲ್ಮನೆಯಾದ ಸೆನೆಟ್ಟಿನ ಸ್ಥಾನಕ್ಕೆ ಪ್ರಯತ್ನಿಸಿದರು. ಪಕ್ಷದ ಒಳಚುನಾವಣೆಯಲ್ಲಿ ಸೋತರು, ಬೇರೆ ಪಕ್ಷದಿಂದ ನಿಂತು ಮತ್ತೆ ಸೋತರು. ಎಲ್ಲರೂ ಯುದ್ಧ ವಿರೋಧಿ ಮತದಿಂದ ಸೋತರು ಎಂದು ಬರೆಯುತ್ತಾರೆ. ಕ್ಷೇತ್ರ ವಿಂಗಡಣೆಯ ಪೆನ್ಸಿಲ್ ಗೆರೆಯನ್ನು ಯಾರೂ ನೋಡುವುದಿಲ್ಲ.

ಕಾನೂನು ವಿದ್ಯಾರ್ಥಿ
ನಮ್ಮಲ್ಲಾಗಿದ್ದರೆ ಈ ಚರ್ಚೆಯೇ ಬರುತ್ತಿರಲಿಲ್ಲ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಆತ್ಮಸಾಕ್ಷಿಯ ಮತ ಎಂಬುದಕ್ಕೆ ಜಾಗವೇ ಕಡಿಮೆ.

ತುಂಗಾತೀರ
ವಿಪ್ ಇಲ್ಲದಿದ್ದರೆ ನಮ್ಮ ಶಾಸಕರು ದಿನಕ್ಕೊಂದು ರೆಸಾರ್ಟಿನಲ್ಲಿ ಇರುತ್ತಾರೆ. ಆ ಕಾನೂನು ಬೇಕು.

ಕಾನೂನು ವಿದ್ಯಾರ್ಥಿ
ಕಾನೂನು ಇದ್ದೂ ರೆಸಾರ್ಟಿನಲ್ಲಿ ಇದ್ದಾರಲ್ಲ ಸರ್. ಸರ್ಕಾರ ಉಳಿಯುವ ಪ್ರಶ್ನೆ ಬಂದಾಗ ಮಾತ್ರ ವಿಪ್ ಇರಲಿ, ಉಳಿದಂತೆ ಸದಸ್ಯರಿಗೆ ಸ್ವಾತಂತ್ರ್ಯ ಇರಲಿ ಎಂಬ ವಾದ ಬಹಳ ಕಾಲದಿಂದ ಇದೆ.

ನಿರ್ವಾಹಕರು
ಪಕ್ಷಾಂತರ ನಿಷೇಧಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ರ‍್ಯಾಂಕಿನ್ ಕುರಿತು ಬರೆಯಿರಿ.

ಗಣಿನಾಡಿನವನು
ನನಗೆ ರ‍್ಯಾಂಕಿನ್ ಹೆಸರು ಪರಿಚಯವಾದದ್ದು ಯುದ್ಧದಿಂದಲ್ಲ, ಗಣಿಯಿಂದ. ಮೊಂಟಾನಾದಲ್ಲಿ ಬ್ಯೂಟ್ ಎಂಬ ಊರಿದೆ. ತಾಮ್ರದ ಗಣಿಗಳ ಊರು. 1917ರ ಜೂನ್ 8ರ ರಾತ್ರಿ ಅಲ್ಲಿನ ಸ್ಪೆಕ್ಯುಲೇಟರ್ ಗಣಿಯೊಳಗೆ ವಿದ್ಯುತ್ ಕೇಬಲ್ ಇಳಿಸುವಾಗ ಅದು ಜಾರಿ ಬಿದ್ದು ಹಾಳಾಯಿತು. ಅದನ್ನು ನೋಡಲು ಹೋದವನ ದೀಪದ ಜ್ವಾಲೆ ಕೇಬಲ್ಲಿನ ಎಣ್ಣೆ ಹೊದಿಕೆಗೆ ತಾಗಿತು. 168 ಜನ ಸತ್ತರು. ಗಣಿಯಿಂದ ಗಣಿಗೆ ದಾಟುವ ದಾರಿಗಳನ್ನು ಕಾಂಕ್ರೀಟ್ ಗೋಡೆಯಿಂದ ಮುಚ್ಚಿದ್ದರು, ತೆರೆಯಲು ಬಾಗಿಲಿರಲಿಲ್ಲ. ಹೊಗೆಯಿಂದ ಓಡಿದವರು ಆ ಗೋಡೆಗಳ ಬುಡದಲ್ಲೇ ಬಿದ್ದರು.

ಕಾರ್ಮಿಕರು ಮುಷ್ಕರ ಹೂಡಿದರು. ಅವರ ಬೇಡಿಕೆ ಕೂಲಿಯದ್ದಷ್ಟೇ ಅಲ್ಲ. ಗಣಿ ಕಂಪನಿಗಳಲ್ಲಿ ಕೆಲಸ ಬೇಕಾದರೆ ಮೊದಲು ಒಂದು ಚೀಟಿ ಪಡೆಯಬೇಕಿತ್ತು. ಸಂಘ ಕಟ್ಟುವವನಿಗೆ ಆ ಚೀಟಿ ಸಿಗುತ್ತಿರಲಿಲ್ಲ. ಆ ಪದ್ಧತಿ ಹೋಗಬೇಕೆಂದು ಕೇಳಿದರು. ಆಗಸ್ಟ್ 1ರಂದು ಸಂಘಟಕ ಫ್ರಾಂಕ್ ಲಿಟಲ್ ಎಂಬವರನ್ನು ಮುಸುಕುಧಾರಿಗಳು ಎಳೆದೊಯ್ದು ನೇಣು ಹಾಕಿದರು. ಇಂತಹ ಹೊತ್ತಿನಲ್ಲಿ ರ‍್ಯಾಂಕಿನ್ ಕಾರ್ಮಿಕರ ಪರ ನಿಂತರು, ಬ್ಯೂಟ್‌ಗೆ ಹೋದರು, ಗಣಿಗಳನ್ನು ಸರ್ಕಾರ ವಹಿಸಿಕೊಳ್ಳಲು ಅವಕಾಶ ಕೊಡಬೇಕೆಂದು ಸದನದಲ್ಲಿ ನಿರ್ಣಯ ಮಂಡಿಸಿದರು. ಎದುರಿಗಿದ್ದದ್ದು ಅನಕೊಂಡಾ ಎಂಬ ತಾಮ್ರದ ಗಣಿ ಕಂಪನಿ. ರಾಜ್ಯದ ದೊಡ್ಡ ಪತ್ರಿಕೆಗಳಲ್ಲಿ ಬಹುಪಾಲು ಅದರ ಹಿಡಿತದಲ್ಲಿದ್ದವು. ಅದನ್ನು ಎದುರು ಹಾಕಿಕೊಂಡು ಮೊಂಟಾನಾದಲ್ಲಿ ರಾಜಕೀಯ ಮಾಡುವುದು ಎಷ್ಟು ಕಷ್ಟ ಎಂದು ಗಣಿ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ನನ್ನ ಲೆಕ್ಕದಲ್ಲಿ 1941ರ ಮತಕ್ಕಿಂತ ಇದು ದೊಡ್ಡ ಧೈರ್ಯ.

ಧಾರವಾಡದ ಓದುಗಿ
ಇದು ನಾನು ಓದಿದ ಯಾವ ಬರಹದಲ್ಲೂ ಇರಲಿಲ್ಲ! ತುಂಬಾ ಧನ್ಯವಾದ. ಇಂತಹದೇ ಬೇಕಾಗಿತ್ತು.

ಸಿಯಾಟಲ್ ಕನ್ನಡತಿ
ಹಾಗಾದರೆ ಇನ್ನೂ ಕೆಲವು ಕೊಡುತ್ತೇನೆ. ಸರ್ಕಾರದ ನೋಟು, ಬಾಂಡ್ ಮುದ್ರಿಸುವ ಕಚೇರಿಯಲ್ಲಿ ಹೆಂಗಸರನ್ನು ಯುದ್ಧದ ಹೆಸರಿನಲ್ಲಿ ಹೊತ್ತು ಗೊತ್ತಿಲ್ಲದೆ ದುಡಿಸುತ್ತಿದ್ದರು. ರ‍್ಯಾಂಕಿನ್ ಅದನ್ನು ಬಯಲಿಗೆಳೆದು, ಎಂಟು ಗಂಟೆಯ ದಿನ ಮತ್ತೆ ಜಾರಿಯಾಗುವಂತೆ ಮಾಡಿದರು. ಆಗಿನ ಕಾನೂನಿನಲ್ಲಿ ಪರದೇಶದವನನ್ನು ಮದುವೆಯಾದ ಅಮೆರಿಕನ್ ಹೆಂಗಸು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ಅದನ್ನು ಸರಿಪಡಿಸುವ ಮಸೂದೆ ತಂದರು. ಬಾಣಂತಿ ಮತ್ತು ಶಿಶುಗಳ ಆರೋಗ್ಯಕ್ಕೆ ಸರ್ಕಾರದ ಹಣ ಕೊಡುವ ಮಸೂದೆಯನ್ನೂ ತಂದರು. ಇವರ ಅವಧಿಯಲ್ಲಿ ಎರಡೂ ಪಾಸಾಗಲಿಲ್ಲ. ಆದರೆ 1921 ಮತ್ತು 1922ರಲ್ಲಿ ಬಂದ ಕಾನೂನುಗಳಿಗೆ ಇವೇ ದಾರಿ ಮಾಡಿದವು. ಈ ದೇಶಕ್ಕೆ ವೀಸಾ ಹಿಡಿದು ಬಂದ ನನ್ನಂತಹವಳಿಗೆ ಆ ಪೌರತ್ವದ ಸಂಗತಿ ಎದೆಗೆ ನಾಟುತ್ತದೆ.

ತುಂಗಾತೀರ
ಹೆಂಗಸರಿಗೆ ಮತ ಕೊಡುವ ಹತ್ತೊಂಬತ್ತನೆಯ ತಿದ್ದುಪಡಿಗೆ ಮತ ಹಾಕಿದ ಏಕೈಕ ಮಹಿಳೆ ಎಂಬುದನ್ನೂ ಸೇರಿಸಿಕೊಳ್ಳಿ.

ನಿವೃತ್ತ ಮೇಷ್ಟ್ರು
ಅದನ್ನು ಎಚ್ಚರದಿಂದ ಹೇಳಬೇಕು. 1918ರ ಜನವರಿ 10ರಂದು ಸದನದಲ್ಲಿ ಚರ್ಚೆ ಆರಂಭಿಸಿದವರು ರ‍್ಯಾಂಕಿನ್. ಪ್ರಜಾಪ್ರಭುತ್ವದ ಉಳಿವಿಗಾಗಿ ಯುದ್ಧಕ್ಕೆ ಮತ ಹಾಕಿದ ಇದೇ ಕಾಂಗ್ರೆಸ್ ನಮ್ಮ ದೇಶದ ಹೆಂಗಸರಿಗೆ ಪ್ರಜಾಪ್ರಭುತ್ವದ ಇಷ್ಟು ಸಣ್ಣ ಪಾಲನ್ನೂ ನಿರಾಕರಿಸಿದರೆ ಜನರಿಗೆ ಏನೆಂದು ವಿವರಿಸೋಣ ಎಂದು ಕೇಳಿದರು. ಅಂದು 274 ಪರ, 136 ವಿರುದ್ಧ ಮತಗಳಿಂದ ಕೆಳಮನೆ ಒಪ್ಪಿತು. ಸೆನೆಟ್ ಒಪ್ಪಲಿಲ್ಲ, ಅಲ್ಲಿಗೆ ಬಿತ್ತು. ಕೊನೆಗೆ ಎರಡೂ ಸದನಗಳು ಅಂಗೀಕರಿಸಿದ್ದು 1919ರಲ್ಲಿ, ರಾಜ್ಯಗಳ ಒಪ್ಪಿಗೆ ಪೂರ್ಣವಾದದ್ದು 1920ರ ಆಗಸ್ಟಿನಲ್ಲಿ. ಆ ವೇಳೆಗೆ ರ‍್ಯಾಂಕಿನ್ ಸದನದಲ್ಲಿ ಇರಲಿಲ್ಲ. ಮತಾಧಿಕಾರಕ್ಕಾಗಿ ಅವರು ಕಾಂಗ್ರೆಸ್ಸಿನಲ್ಲಿ ಮತ ಹಾಕಿದ್ದು ನಿಜ. ಆದರೆ ಸಂವಿಧಾನಕ್ಕೆ ಸೇರಿದ್ದು ಆ ಮತದಿಂದಲ್ಲ.

ತುಂಗಾತೀರ
ಮೇಷ್ಟ್ರೇ, ಹಾದಿ ಮಾಡಿಕೊಟ್ಟವರ ಹೆಸರನ್ನು ದಿನಾಂಕ ನೋಡಿ ತೆಗೆದುಹಾಕುತ್ತೀರಾ?

ನಿವೃತ್ತ ಮೇಷ್ಟ್ರು
ಹೆಸರು ತೆಗೆಯುತ್ತಿಲ್ಲ, ತಾರೀಖು ಸರಿ ಮಾಡುತ್ತಿದ್ದೇನೆ. ಬಳಗದ ಸಭೆಯಲ್ಲಿ ಯಾರಾದರೂ ಎದ್ದು ಕೇಳಿದರೆ ಉತ್ತರಿಸಬೇಕಾದವರು ಆ ತಾಯಿ.

ಹಳೆಯ ಪತ್ರಕರ್ತ
1917ರ ಮತದ ಬಗ್ಗೆ ನನಗೆ ಹೇಳಲೇಬೇಕಾದ ಮಾತಿದೆ. ರ‍್ಯಾಂಕಿನ್ ಪ್ರಮಾಣವಚನ ತೆಗೆದುಕೊಂಡದ್ದು ಏಪ್ರಿಲ್ 2ರಂದು. ಅಂದೇ ಸಂಜೆ ಅಧ್ಯಕ್ಷ ವಿಲ್ಸನ್ ಯುದ್ಧ ಘೋಷಣೆ ಕೇಳಲು ಸದನಕ್ಕೆ ಬಂದರು. ಸಂಸದೆಯಾಗಿ ಇನ್ನೂ ವಾರವೂ ಆಗದ ಹೆಂಗಸಿನ ಮೇಲೆ ಎಲ್ಲರ ಕಣ್ಣು. ಮತಾಧಿಕಾರ ಹೋರಾಟದ ನಾಯಕಿ ಕ್ಯಾರಿ ಚಾಪ್‌ಮನ್ ಕ್ಯಾಟ್ ಅವರಿಗೆ, ವಿರೋಧಿಸಿದರೆ ನಮ್ಮ ಚಳವಳಿಗೆ ಪೆಟ್ಟು ಬೀಳುತ್ತದೆ ಎಂಬ ಚಿಂತೆ. ಮತ ನಡೆದದ್ದು 6ರ ಬೆಳಗಿನ ಜಾವ. ‘ನಾನು ನನ್ನ ದೇಶದ ಜೊತೆ ನಿಲ್ಲಲು ಬಯಸುತ್ತೇನೆ, ಆದರೆ ಯುದ್ಧಕ್ಕೆ ಮತ ಹಾಕಲಾರೆ’ ಎಂದರು. 373 ಮಂದಿ ಪರ, 50 ಮಂದಿ ವಿರುದ್ಧ.

ಆ ಐವತ್ತರಲ್ಲಿ 49 ಜನ ಗಂಡಸರು! ವಿಲ್ಸನ್ ಅವರದೇ ಪಕ್ಷದ ಸದನ ನಾಯಕ ಕ್ಲಾಡ್ ಕಿಚಿನ್ ಕೂಡ ವಿರುದ್ಧ ಮತ ಹಾಕಿದ್ದರು. ಪತ್ರಿಕೆಗಳು ಬರೆದದ್ದು ಯಾರ ಬಗ್ಗೆ? ಈಕೆ ಅತ್ತಳು, ಕುಸಿದಳು ಎಂದು. ಯುದ್ಧದ ಪರ ಮತ ಹಾಕಿದ ನ್ಯೂಯಾರ್ಕಿನ ಫಿಯೊರೆಲ್ಲೊ ಲಾ ಗ್ವಾರ್ಡಿಯಾ ಅವರನ್ನು ಆಕೆ ಅತ್ತರೇ ಎಂದು ಕೇಳಿದಾಗ, ನನ್ನ ಕಣ್ಣಲ್ಲೇ ನೀರು ತುಂಬಿದ್ದರಿಂದ ನನಗೆ ಕಾಣಲಿಲ್ಲ ಎಂಬ ಅರ್ಥದ ಮಾತು ಹೇಳಿದರಂತೆ. ಗಂಡಸು ವಿರೋಧಿಸಿದರೆ ಅದು ರಾಜಕೀಯ ನಿಲುವು, ಹೆಂಗಸು ವಿರೋಧಿಸಿದರೆ ಅದು ಕಣ್ಣೀರು. ನಲವತ್ತು ವರ್ಷ ಸುದ್ದಿಮನೆಯಲ್ಲಿ ಕುಳಿತು ಈ ಚಾಳಿ ನೋಡಿದ್ದೇನೆ. ಇಂದಿಗೂ ಹೋಗಿಲ್ಲ.

ಕೊಡಗಿನ ಮಗಳು
ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ 1941?

ಗಣಿನಾಡಿನವನು
1941ರಲ್ಲಿ ಅವರು ಸದನಕ್ಕೆ ಮರಳಿದ್ದೇ ಯುದ್ಧ ಬೇಡ ಎಂಬ ಭರವಸೆ ಕೊಟ್ಟು. 1940ರಲ್ಲಿ, 60ರ ವಯಸ್ಸಿನಲ್ಲಿ, ಕ್ಷೇತ್ರದ ಬಹುತೇಕ ಹೈಸ್ಕೂಲುಗಳಿಗೆ ಹೋಗಿ ಮಕ್ಕಳ ಮುಂದೆ ಮಾತನಾಡಿದರು. ಪಕ್ಷದೊಳಗೆ ಅವರು ಸೋಲಿಸಿದ್ದು ಜೇಕಬ್ ಥಾರ್ಕೆಲ್ಸನ್ ಎಂಬ ಯಹೂದಿ ದ್ವೇಷಿಯನ್ನು. ಜನರಿಗೆ ಕೊಟ್ಟ ಮಾತನ್ನು ಉಳಿಸಿಕೊಂಡರು ಎಂದು ಯಾಕೆ ನೋಡಬಾರದು?

ಕೊಡಗಿನ ಮಗಳು
ಜನ ಆ ಭರವಸೆಗೆ ಮತ ಕೊಟ್ಟದ್ದು ದಾಳಿಗೆ ಮುಂಚೆ. ದಾಳಿಯಾದ ಮೇಲೆ ಆ ಜನರೇ ಬದಲಾಗಿದ್ದರು. ಸ್ವಂತ ತಮ್ಮನೇ, ಮೊಂಟಾನಾ ಸಂಪೂರ್ಣ ನಿನ್ನ ವಿರುದ್ಧ ಇದೆ ಎಂದು ತಿಳಿಸಿದನಲ್ಲ. ಇನ್ನೂ ಒಂದು. ಅದೇ 1941ರ ಆರಂಭದಲ್ಲಿ, ಹಿಟ್ಲರ್ ವಿರುದ್ಧ ಏಕಾಂಗಿಯಾಗಿದ್ದ ಬ್ರಿಟನ್ನಿಗೆ ಶಸ್ತ್ರ ಕೊಡುವ ಲೆಂಡ್ ಲೀಸ್ ಮಸೂದೆಯನ್ನೂ ಈಕೆ ವಿರೋಧಿಸಿದ್ದರು. ಯುರೋಪಿನಲ್ಲಿ ಏನು ನಡೆಯುತ್ತಿತ್ತೆಂದು ನಮಗೆಲ್ಲ ಗೊತ್ತು. ಅಹಿಂಸೆಯ ಹೆಸರಿನಲ್ಲಿ ಅದಕ್ಕೆ ಬೆನ್ನು ತಿರುಗಿಸಿದರೆ ನಾನು ಚಪ್ಪಾಳೆ ತಟ್ಟಲಾರೆ.

ಸಿಯಾಟಲ್ ಕನ್ನಡತಿ
ಅಕ್ಕ, ನಿಮ್ಮ ವಾದದ ಬಿಗಿ ನನಗೆ ಅರ್ಥವಾಗುತ್ತದೆ. ಆದರೆ ಅಂದಿನ ಸದನವನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಮಾತನಾಡಲು ಮತ್ತೆ ಮತ್ತೆ ಎದ್ದರೂ ಸ್ಪೀಕರ್ ಸ್ಯಾಮ್ ರೇಬರ್ನ್ ಅವಕಾಶ ಕೊಡಲಿಲ್ಲ. ‘ಹೆಂಗಸಾಗಿ ನಾನು ಯುದ್ಧಕ್ಕೆ ಹೋಗಲಾರೆ, ಬೇರೆ ಯಾರನ್ನೂ ಕಳುಹಿಸಲು ಒಪ್ಪುವುದಿಲ್ಲ’ ಎಂದರು. ಸದನ ಅವರನ್ನು ಛೀಗುಟ್ಟಿತು. ಮತ ಬದಲಿಸಿ, ಇಲ್ಲವೇ ತಟಸ್ಥರಾಗಿರಿ ಎಂದು ಸಹ ಸದಸ್ಯರು ಬೇಡಿಕೊಂಡರು. ಹೊರಗೆ ಜನ ಮುತ್ತಿದಾಗ ಟೆಲಿಫೋನ್ ಬೂತಿನೊಳಗೆ ಸೇರಿಕೊಂಡರು. ಪೊಲೀಸರು ಬಂದು ಕಚೇರಿಗೆ ಕರೆದೊಯ್ದರು. ಕಾನ್ಸಾಸಿನ ಪ್ರಸಿದ್ಧ ಸಂಪಾದಕ ವಿಲಿಯಂ ಅಲೆನ್ ವೈಟ್ ಆಕೆಯ ನಿಲುವನ್ನು ಒಪ್ಪದವರು. ಅವರೇ, ಕಾಂಗ್ರೆಸ್ಸಿನ ಬಹುಶಃ ನೂರು ಗಂಡಸರಿಗೆ ಆಕೆ ಮಾಡಿದ್ದನ್ನು ಮಾಡುವ ಮನಸ್ಸಿತ್ತು, ಒಬ್ಬನಿಗೂ ಧೈರ್ಯ ಇರಲಿಲ್ಲ ಎಂದು ಬರೆದರು. ಒಪ್ಪದೆಯೂ ಗೌರವಿಸಬಹುದು ಎಂಬುದಷ್ಟೇ ನನ್ನ ಮಾತು.

ಕೊಡಗಿನ ಮಗಳು
ಗೌರವವಿದೆ. ಒಪ್ಪಿಗೆ ಇಲ್ಲ.

ಕಾನೂನು ವಿದ್ಯಾರ್ಥಿ
ಇಬ್ಬರೂ ಗಮನಿಸದ ಒಂದು ಮತವಿದೆ. 1917ರ ಡಿಸೆಂಬರಿನಲ್ಲಿ ಆಸ್ಟ್ರಿಯಾ-ಹಂಗರಿ ಮೇಲೆ ಯುದ್ಧ ಘೋಷಣೆಯ ಪ್ರಶ್ನೆ ಬಂದಾಗ ರ‍್ಯಾಂಕಿನ್ ಪರವಾಗಿ ಮತ ಹಾಕಿದರು. ವಿರೋಧಿಸಿದವರು ಮೇಯರ್ ಲಂಡನ್ ಎಂಬ ಹೆಸರಿನ ಸಮಾಜವಾದಿ ಸದಸ್ಯ ಒಬ್ಬರೇ. ಯುದ್ಧ ಈಗಾಗಲೇ ನಡೆಯುತ್ತಿದೆ, ಇದು ಅದರ ತಾಂತ್ರಿಕ ಮುಂದುವರಿಕೆ ಎಂಬುದು ರ‍್ಯಾಂಕಿನ್ ಅವರ ಸಮಜಾಯಿಷಿ. 1941ರ ಡಿಸೆಂಬರ್ 11ರಂದು ಜರ್ಮನಿ, ಇಟಲಿ ಮೇಲಿನ ಯುದ್ಧ ಘೋಷಣೆಗೆ ವಿರೋಧಿಸಲೂ ಇಲ್ಲ, ಒಪ್ಪಲೂ ಇಲ್ಲ, ಹಾಜರಿದ್ದೇನೆ ಎಂದಷ್ಟೇ ಹೇಳಿದರು. ಎಂದೂ ಅಲುಗದ ಕಲ್ಲಿನ ಮೂರ್ತಿ ಎಂದು ಚಿತ್ರಿಸುವವರು ಇವೆರಡನ್ನೂ ಮರೆಯುತ್ತಾರೆ.

ತುಂಗಾತೀರ
ಇದು ನಿಜವೇ? ಹಾಗಿದ್ದರೆ ನನಗೆ ಸ್ವಲ್ಪ ಬೇಸರವಾಯಿತು.

ಕಾನೂನು ವಿದ್ಯಾರ್ಥಿ
ನಿಜ. ನನಗೆ ಬೇಸರವಾಗಲಿಲ್ಲ. ಪ್ರತಿ ಸಲವೂ ಯೋಚಿಸಿ ಮತ ಹಾಕಿದವರು ಎಂದು ತಿಳಿದು ಇನ್ನೂ ಹತ್ತಿರವಾದರು.

ಹಳೆಯ ಪತ್ರಕರ್ತ
ಹಾಗೆಯೇ ಇನ್ನೊಂದನ್ನು ಮುಚ್ಚಿಡಬಾರದು. 1942ರ ಡಿಸೆಂಬರಿನಲ್ಲಿ, ಅವಧಿ ಮುಗಿಯುವ ಮುನ್ನ, ಪರ್ಲ್ ಹಾರ್ಬರ್ ಬಗ್ಗೆ ಪ್ರಶ್ನೆಗಳೆಂಬ ಹೇಳಿಕೆಯೊಂದನ್ನು ಸದನದ ದಾಖಲೆಗೆ ಸೇರಿಸಿದರು. ರೂಸ್‌ವೆಲ್ಟ್ ಸರ್ಕಾರವೇ ಜಪಾನನ್ನು ಕೆಣಕಿ ಯುದ್ಧ ಬರಿಸಿತು ಎಂಬ ಧಾಟಿ. ನಾನು ಅದನ್ನು ಒಪ್ಪುವುದಿಲ್ಲ. ಮೆಚ್ಚುವವರ ದೋಷವನ್ನೂ ಸಭೆಯಲ್ಲಿ ಹೇಳಿ ಮೇಡಂ. ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ, ಆ ಸ್ಥಾನಕ್ಕೆ ಬಂದ ಮೈಕ್ ಮ್ಯಾನ್ಸ್‌ಫೀಲ್ಡ್ ಮುಂದೆ ಸೆನೆಟ್ಟಿನ ಬಹುಮತ ಪಕ್ಷದ ನಾಯಕರಾದರು.

ನಿವೃತ್ತ ಮೇಷ್ಟ್ರು
ಆಮೇಲಿನ ಬದುಕು ನಮಗೆ ಹತ್ತಿರದ್ದು. ಗಾಂಧೀಜಿಯ ಅಹಿಂಸೆಯ ಸೆಳೆತದಿಂದ 1946ರಿಂದ 1971ರ ನಡುವೆ ಏಳು ಸಲ ಭಾರತಕ್ಕೆ ಬಂದರು. ನಮ್ಮ ಮಕ್ಕಳ ಪಠ್ಯದಲ್ಲಿ ಗಾಂಧಿ ಪ್ರಭಾವ ಎಂದರೆ ಮಾರ್ಟಿನ್ ಲೂಥರ್ ಕಿಂಗ್ ಹೆಸರಷ್ಟೇ ಬರುತ್ತದೆ. ಈ ಹೆಂಗಸಿನ ಹೆಸರೂ ಬರಬೇಕೆಂದು ನನಗೆ ಬಹಳ ಆಸೆ. ಮದುವೆಯಾಗಲಿಲ್ಲ. ಜಾರ್ಜಿಯಾದ ಹಳ್ಳಿಗಾಡಿನಲ್ಲಿ ಬಹಳ ಸರಳವಾಗಿ ಬದುಕುತ್ತಿದ್ದರು.

ಸಿಯಾಟಲ್ ಕನ್ನಡತಿ
1968ರ ಜನವರಿ 15ರಂದು, 87ರ ವಯಸ್ಸಿನಲ್ಲಿ, ವಿಯೆಟ್ನಾಂ ಯುದ್ಧದ ವಿರುದ್ಧ ಸುಮಾರು 5,000 ಹೆಂಗಸರ ಮೆರವಣಿಗೆಯ ಮುಂದೆ ನಡೆದರು. ರಾಜಧಾನಿ ವಾಷಿಂಗ್ಟನ್ನಿನ ಹಿಮದ ಚಳಿಯಲ್ಲಿ! ಅವರ ಹೆಸರಿನಲ್ಲೇ ಆ ದಳ ಕಟ್ಟಿದ್ದರು. 1973ರಲ್ಲಿ ತೀರಿಕೊಂಡರು. ಉಳಿದ ಆಸ್ತಿಯ ಹಣದಿಂದ ಶುರುವಾದ ನಿಧಿ ಇವತ್ತಿಗೂ, ವಯಸ್ಸಾದ ಮೇಲೆ ಓದು ಮುಂದುವರಿಸುವ ಬಡ ಹೆಂಗಸರಿಗೆ ವಿದ್ಯಾರ್ಥಿವೇತನ ಕೊಡುತ್ತಿದೆ. ನನ್ನ ಮಗಳಿಗೆ ಕ್ಯಾಪಿಟಲ್ ಕಟ್ಟಡದಲ್ಲಿ ಅವರ ಪ್ರತಿಮೆ ತೋರಿಸಿದ್ದೆ. ಪೀಠದ ಮೇಲೆ ‘ಯುದ್ಧಕ್ಕೆ ಮತ ಹಾಕಲಾರೆ’ ಎಂದು ಕೆತ್ತಿದ್ದಾರೆ. ಗಣಿ ಕಾರ್ಮಿಕರ ಬಗ್ಗೆ ಒಂದಕ್ಷರವೂ ಅಲ್ಲಿಲ್ಲ ಎಂದು ಈಗ ಹೊಳೆಯುತ್ತಿದೆ.

ತುಂಗಾತೀರ
2001ರಲ್ಲಿ ಅವಳಿ ಗೋಪುರಗಳ ಮೇಲಿನ ದಾಳಿಯ ನಂತರ ಸಂಸದೆ ಬಾರ್ಬರಾ ಲೀ ಕೂಡ ಹೀಗೆಯೇ ಒಬ್ಬರೇ ನಿಂತರಲ್ಲವೇ? ಸೆಪ್ಟೆಂಬರ್ 14ರಂದು, 420ಕ್ಕೆ 1.

ಕೊಡಗಿನ ಮಗಳು
ಆ ಮತವನ್ನು ನಾನು ಒಪ್ಪುತ್ತೇನೆ, ನೋಡಿ. ಅಲ್ಲಿ ಯಾವ ದೇಶದ ಮೇಲೆ, ಎಷ್ಟು ಕಾಲ ಎಂಬ ಮಿತಿಯೇ ಇಲ್ಲದೆ ಸೇನೆ ಬಳಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುತ್ತಿದ್ದರು. ಅದನ್ನು ಲೀ ಪ್ರಶ್ನಿಸಿದರು. ಇಪ್ಪತ್ತು ವರ್ಷದ ಅಫ್ಘಾನಿಸ್ತಾನ ಯುದ್ಧ ಅವರ ಆತಂಕವನ್ನು ಸರಿ ಎಂದು ತೋರಿಸಿತು. ಎಲ್ಲ ಒಂಟಿ ಮತಗಳನ್ನೂ ಒಂದೇ ತಟ್ಟೆಯಲ್ಲಿ ಹಾಕಬೇಡಿ.

ಗಣಿನಾಡಿನವನು
ಇನ್ನೊಂದು ಸಂಗತಿ ಕೇಳಿ. 2024ರ ಚುನಾವಣೆಯವರೆಗೂ ಮೊಂಟಾನಾ ಕಾಂಗ್ರೆಸ್ಸಿಗೆ ಇನ್ನೊಬ್ಬ ಮಹಿಳೆಯನ್ನು ಆರಿಸಿಲ್ಲ. ಮೊದಲಿಗರನ್ನು ಕೊಟ್ಟ ರಾಜ್ಯ ಇದು.

ಧಾರವಾಡದ ಓದುಗಿ
ಎಲ್ಲರಿಗೂ ಮನಸಾರೆ ವಂದನೆಗಳು. ಬ್ಯೂಟ್ ಗಣಿಯಿಂದ ಮಾತು ಆರಂಭಿಸಬೇಕೆಂದಿದ್ದೇನೆ, ಮತಗಳ ವಿಷಯ ನಡುವೆ ಬರಲಿ. ಕೊಡಗಿನ ಸೋದರಿ, ನಿಮ್ಮ ವಾದವನ್ನು ನಿಮ್ಮದೇ ಮಾತುಗಳಲ್ಲಿ ಓದಿ ಹೇಳಲು ಅನುಮತಿ ಇದೆಯೇ?

ಕೊಡಗಿನ ಮಗಳು
ಧಾರಾಳವಾಗಿ ಓದಿ. ಲೆಂಡ್ ಲೀಸ್ ಭಾಗವನ್ನು ಮಾತ್ರ ಬಿಡಬೇಡಿ.

ಕಾನೂನು ವಿದ್ಯಾರ್ಥಿ
ಆಸ್ಟ್ರಿಯಾ ಮತವನ್ನೂ ಬಿಡಬೇಡಿ ಮೇಡಂ.